ನಡೆಯುವ ಕಾಲ, ಒತ್ತುವ ಕಾಲ: ಒಂದು ನಡಿಗೆಯಿಂದ ಒಂದು ಮರದಚ್ಚು ಮಾಡುವ ಬಗೆ

ಜುಲೈ ಮೂರನೆಯ ವಾರ. ಮಂಗಳೂರಿನ ಕದ್ರಿಯ ನಮ್ಮ ಮನೆಯ ತಾರಸಿಗೆ ಶೀಟು ಹಾಕಿಸಿದ್ದೇವೆ. ಅದರ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗಿಲ್ಲ. ಕಪಾಟಿನಲ್ಲಿಟ್ಟ ಕಾಗದ ತಣ್ಣಗೆ, ಮೆತ್ತಗೆ ಆಗಿದೆ. ಎಲ್ಲರಿಗೂ ಬೇಸರ ತರಿಸುವ ಈ ಹವೆಗೆ ನಾನು ಹತ್ತು ತಿಂಗಳು ಕಾಯುತ್ತೇನೆ. ಮರದಚ್ಚು ಒತ್ತಲು ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹನ್ನೊಂದು ವರ್ಷದಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕಾಡಿನಲ್ಲೋ, ನಮ್ಮ ಕಡೆ ಪದವು ಎನ್ನುವ ಕಲ್ಲು ಬಯಲಿನಲ್ಲೋ ನಡೆಯುತ್ತೇನೆ. ಆ ನಡಿಗೆಯಿಂದ ಒಂದೇ ಒಂದು ಸಂಗತಿಯನ್ನು ಮನೆಗೆ ತರುತ್ತೇನೆ. ಅದನ್ನು ಮೂರು ಸಾಲಿನಲ್ಲಿ ಬರೆಯುತ್ತೇನೆ. ಆಮೇಲೆ ಅದನ್ನೇ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತುತ್ತೇನೆ. ವರ್ಷಕ್ಕೆ ಒಂದೇ ಹಲಗೆ. ಅಚ್ಚು ನೋಡಿದವರು ‘ಇದನ್ನು ಮಾಡುವುದು ಹೇಗೆ’ ಎಂದು ಕೇಳುತ್ತಾರೆ. ಚಿತ್ರಕಲೆ ಕಲಿತಿರಬೇಕಾ ಎಂದೂ ಕೇಳುತ್ತಾರೆ. ಬೇಡ. ಪುರುಸೊತ್ತು ಬೇಕು, ಒಂದು ವರ್ಷದ್ದು.

ವರ್ಷವನ್ನು ಎರಡು ಮಾಡಿ

ಮೊದಲು ಕ್ಯಾಲೆಂಡರ್. ಬುದ್ಧನ ಕಾಲದ ಭಿಕ್ಷುಗಳು ಊರಿಂದ ಊರಿಗೆ ನಡೆಯುತ್ತಿದ್ದವರು. ಮಳೆಗಾಲದ ಮೂರು ತಿಂಗಳು ಮಾತ್ರ ಒಂದೇ ಕಡೆ ನಿಲ್ಲಬೇಕು ಎಂದು ಅವರಿಗೆ ನಿಯಮ ಬಂತು. ಅದೇ ವರ್ಷಾವಾಸ. ಆಷಾಢ ಹುಣ್ಣಿಮೆಯ ಮರುದಿನ ಶುರುವಾಗಿ ಆಶ್ವಯುಜ ಹುಣ್ಣಿಮೆಗೆ ಮುಗಿಯುತ್ತದೆ. ಈ ನಿಯಮ ಹುಟ್ಟಿದ ಕಾರಣ ನನಗೆ ತುಂಬ ಇಷ್ಟ. ಇವರು ಮಳೆಯಲ್ಲೂ ನಡೆದು ಹಸಿ ಹುಲ್ಲನ್ನು, ಸಣ್ಣಸಣ್ಣ ಜೀವಗಳನ್ನು ತುಳಿಯುತ್ತಾರಲ್ಲ ಎಂದು ಊರಿನವರು ದೂರಿದ್ದರಂತೆ. ಭಿಕ್ಷುಗಳ ನಿಯಮಗಳ ಗ್ರಂಥ ವಿನಯಪಿಟಕದಲ್ಲಿ ಈ ಪ್ರಸಂಗ ಬರುತ್ತದೆ.

ನಮ್ಮ ತುಳುನಾಡಿನ ಆಟಿ ತಿಂಗಳು ಬರುವುದೂ ಆ ಹೊತ್ತಿಗೇ. ಆಟಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಿಂದೆಲ್ಲ ಜನ ಮನೆಯೊಳಗೇ ಕೂತು ಬುಟ್ಟಿ ಹೆಣೆಯುತ್ತಿದ್ದರು, ಹಲಸಿನ ಬೀಜ ಬೇಯಿಸಿ ತಿನ್ನುತ್ತಿದ್ದರು. ನನಗೆ ಈ ಎರಡೂ ಒಂದೇ ಹೊತ್ತಿಗೆ ಬರುತ್ತವೆ ಎಂದು ಹೊಳೆಯಲು ಸುಮಾರು ವರ್ಷ ಹಿಡಿಯಿತು. ಹೊಳೆದ ಮೇಲೆ ಕೆಲಸ ಸಲೀಸಾಯಿತು. ದೀಪಾವಳಿಯಿಂದ ಮೇ ವರೆಗೆ ನಡೆಯಿರಿ. ಜೂನ್‌ನಲ್ಲಿ ಬರೆಯಿರಿ, ಕೆತ್ತಿ. ಆಟಿಯಲ್ಲಿ ಒತ್ತಿ.

ನಾನು ಒತ್ತುವುದು ನೀರಿನ ಬಣ್ಣದಲ್ಲಿ, ಅಕ್ಕಿ ಹಿಟ್ಟಿನ ಅಂಟು ಸೇರಿಸಿ. ಜಪಾನಿನವರು ನೂರಾರು ವರ್ಷದಿಂದ ಮಾಡಿಕೊಂಡು ಬಂದ ಕ್ರಮ ಅದು. ಒಣ ಹವೆಯಲ್ಲಿ ಬಣ್ಣ ಹಲಗೆಯ ಮೇಲೇ ಆರಿಹೋಗುತ್ತದೆ, ಕಾಗದಕ್ಕೆ ಇಳಿಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಆ ಕಷ್ಟವೇ ಇಲ್ಲ. ಎಣ್ಣೆಯ ಶಾಯಿಗೆ ಇದು ಪೂರ್ತಿ ಉಲ್ಟಾ. ಆಗಸ್ಟ್‌ನಲ್ಲಿ ಎಣ್ಣೆ ಶಾಯಿಯಲ್ಲಿ ಒತ್ತಿದ ನನ್ನ ಒಂದು ಕಟ್ಟು ಹತ್ತು ದಿನವಾದರೂ ಕೈಗೆ ಅಂಟುತ್ತಿತ್ತು.

ನಡಿಗೆ ಶುರುವಾಗುವುದು ತಾರಸಿಯಲ್ಲಿ

ನಮ್ಮ ಮನೆಯಿಂದ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ನಡೆದರೆ ಹತ್ತು ನಿಮಿಷ. ಅಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಉಂಟು. ಮೂರು ಮುಖ, ಆರು ಕೈ, ಪದ್ಮಾಸನ. ಆಳುಪರ ಅರಸ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಇದನ್ನು ಸ್ಥಾಪಿಸಿದ ಎಂದು ಪೀಠದ ಶಾಸನ ಹೇಳುತ್ತದೆ. ಕ್ರಿ.ಶ. 968. ಇದು ಬೌದ್ಧರ ಅವಲೋಕಿತೇಶ್ವರ ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ಚಿಕ್ಕವಳಿದ್ದಾಗ ಅಮ್ಮನ ಜೊತೆ ಹೋಗಿ ಕೈಮುಗಿದು ಬರುತ್ತಿದ್ದೆ, ಅಷ್ಟೇ. ದೊಡ್ಡವಳಾದ ಮೇಲೆ ಒಂದು ದಿನ ಆ ಮುಖದ ಎದುರು ಸುಮ್ನೆ ನಿಂತೆ. ಕಣ್ಣು ಅರ್ಧ ಕೆಳಗೆ ನೋಡುತ್ತಿದೆ. ನಡೆಯುವಾಗ ನೆಲ ನೋಡುವವರ ಕಣ್ಣು ಹಾಗೇ ಇರುತ್ತದೆ, ಅಲ್ವಾ? ನನ್ನ ಓದು ಶುರುವಾದದ್ದು ಅಲ್ಲಿಂದ.

ಬೌದ್ಧರಲ್ಲಿ ನಡಿಗೆಯೇ ಒಂದು ಧ್ಯಾನ. ಸಂಸ್ಕೃತದಲ್ಲಿ ಚಂಕ್ರಮಣ, ಪಾಲಿಯಲ್ಲಿ ಚಂಕಮ. ಇದರಿಂದ ಐದು ಲಾಭ ಎಂದು ಬುದ್ಧ ಹೇಳಿದ್ದು ಅವನ ಉಪದೇಶಗಳ ಸಂಗ್ರಹ ಅಂಗುತ್ತರ ನಿಕಾಯದಲ್ಲಿದೆ. ದೂರ ನಡೆಯುವ ಶಕ್ತಿ ಬರುತ್ತದೆ. ಸಾಧನೆಗೆ ಮೈ ಬಗ್ಗುತ್ತದೆ. ಆರೋಗ್ಯ ಚೆನ್ನಾಗಿರುತ್ತದೆ. ಉಂಡದ್ದು ಅರಗುತ್ತದೆ. ನಡೆಯುತ್ತ ಸಿಕ್ಕಿದ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ. ಉಂಡದ್ದು ಅರಗುವುದನ್ನೂ ಪಟ್ಟಿಗೆ ಸೇರಿಸಿದ್ದಾರಲ್ಲ, ಅದನ್ನು ಓದಿದ ದಿನ ಬುದ್ಧ ನನಗೆ ಮನೆಯ ಹಿರಿಯರ ಹಾಗೆ ಕಂಡ.

ಮಾಡುವುದು ಹೀಗೆ. ಇಪ್ಪತ್ತು ಮೂವತ್ತು ಹೆಜ್ಜೆಯಷ್ಟು ನೇರ ಜಾಗ ಹುಡುಕಿ. ನಮ್ಮ ತಾರಸಿಯಲ್ಲಿ ಹದಿನೆಂಟೇ ಹೆಜ್ಜೆ, ಸಾಕು. ಬರಿಗಾಲು. ಒಂದು ತುದಿಯಲ್ಲಿ ನಿಂತು ಅಂಗಾಲಿಗೆ ನೆಲ ತಾಗುವುದನ್ನು ಗಮನಿಸಿ. ಆಮೇಲೆ ಕಾಲು ಎತ್ತಿ, ಮುಂದೆ ಸರಿಸಿ, ಇಡಿ. ಎತ್ತುವಾಗ ಎತ್ತುತ್ತಿರುವುದು ಗೊತ್ತಿರಬೇಕು, ಇಡುವಾಗ ಇಡುತ್ತಿರುವುದು. ತುದಿ ತಲುಪಿದಾಗ ಒಂದು ಉಸಿರಿನಷ್ಟು ಹೊತ್ತು ನಿಂತು ತಿರುಗಿ. ನಾಳೆಯ ತಿಂಡಿ, ಮಕ್ಕಳ ಫೀಸು ನೆನಪಾಗುತ್ತದೆ. ಆಗಲಿ. ನಿಂತುಬಿಡಿ, ಅಂಗಾಲಿಗೆ ವಾಪಸ್ ಬನ್ನಿ, ಮತ್ತೆ ಹೊರಡಿ. ದಿನಕ್ಕೆ ಇಪ್ಪತ್ತು ನಿಮಿಷ. ಒಂದು ತಿಂಗಳು ಇಷ್ಟನ್ನೇ ಮಾಡಿ. ಕಾಡಿಗೆ ಓಡುವ ಅವಸರ ಬೇಡ.

ಈ ತಾಲೀಮು ಯಾಕೆ ಬೇಕು ಎಂಬುದಕ್ಕೆ ನನಗೇ ಆದದ್ದನ್ನು ಹೇಳುತ್ತೇನೆ.

ಪದವು ಎಂದರೆ ಗೊತ್ತಲ್ಲ? ಮುರಕಲ್ಲಿನ ಬಯಲು, ಮರ ಕಡಿಮೆ, ಹುಲ್ಲು ಜಾಸ್ತಿ. ಹೊರಗಿನವರಿಗೆ ಅದು ಪಾಳುಭೂಮಿಯ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಅಲ್ಲಿ ಕೀಟ ಹಿಡಿದು ತಿನ್ನುವ ಪುಟ್ಟ ಗಿಡಗಳೂ ಬೆರಳುಗುರಿನಷ್ಟು ಚಿಕ್ಕ ನೀಲಿ ಹೂವುಗಳೂ ಏಳುತ್ತವೆ. ಬೇಸಿಗೆಯಲ್ಲಿ ಬರೀ ಕೆಂಪು ಕಲ್ಲು. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಮುಡಿಪು ಕಡೆಯ ಒಂದು ಪದವಿನಲ್ಲಿ ನಡೆಯುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೇ ಕಲ್ಲು ಕಾದಿತ್ತು. ಒಂದು ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತ ಒಂದೇ ಸಮ ಕೂಗಲು ಶುರು ಮಾಡಿತು. ನಾನು ಎತ್ತಿದ ಕಾಲು ಹಾಗೇ ನಿಂತಿತು. ಕೆಳಗೆ ನೋಡಿದೆ. ಕಲ್ಲುಗಳು. ಇನ್ನೊಂದು ಸಲ ನೋಡಿದೆ. ನನ್ನ ಹಿಮ್ಮಡಿಯಿಂದ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ. ಹರಳುಗಳ ನಡುವೆ ಒಂದು ತಗ್ಗು, ಅಷ್ಟೇ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ನಾಲ್ಕರ ಚೂಪು ತುದಿಯೂ ಒಳಮುಖವಾಗಿ ಒಂದಕ್ಕೊಂದು ತಾಗಿತ್ತು, ಯಾರೋ ಜೋಡಿಸಿಟ್ಟ ಹಾಗೆ.

ತಾರಸಿಯಲ್ಲಿ ‘ಎತ್ತು, ಸರಿಸು, ಇಡು’ ಎಂದು ಅಷ್ಟು ವರ್ಷ ನಡೆಯದೆ ಇದ್ದಿದ್ದರೆ ಆ ಕಾಲು ನಿಲ್ಲುತ್ತಿರಲಿಲ್ಲ.

ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆ. ಫೋಟೋ ತೆಗೆಯಲಿಲ್ಲ. ನಿಮಗೂ ಗೂಡು ಸಿಕ್ಕಿದರೆ ಕೂಡಲೇ ದೂರ ಹೋಗಿ. ನೀವು ಅಲ್ಲಿ ನಿಂತಷ್ಟು ಹೊತ್ತು ತಾಯಿ ಹಕ್ಕಿ ಬರುವುದಿಲ್ಲ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಈ ಹಕ್ಕಿಗಳು ಹೊಟ್ಟೆಯ ಗರಿಯನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತವೆ. ಅಷ್ಟು ಕಷ್ಟದ ಕೆಲಸದ ನಡುವೆ ನಾವು ಹೋಗಿ ನಿಲ್ಲಬಾರದು.

ದಟ್ಟ ಕಾಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ. ಹೆಬ್ರಿಯಿಂದ ಆಗುಂಬೆ ಕಡೆಗಿನ ಸೋಮೇಶ್ವರ ವನ್ಯಜೀವಿ ಧಾಮದಲ್ಲೂ ಕೇಳದೆ ಒಳಗೆ ನುಗ್ಗುವ ಹಾಗಿಲ್ಲ. ಊರಿನವರೊಬ್ಬರು ಜೊತೆಗಿರಲಿ. ನನ್ನ ಜೊತೆ ಹೆಬ್ರಿಯ ಮಾವ ಬರುತ್ತಾರೆ, ಅವರಿಗೆ ಆನೆಯ ವಾಸನೆ ಗೊತ್ತಾಗುತ್ತದೆ. ಮಳೆ ಬಿಟ್ಟ ಹೊಸದರಲ್ಲಿ ಉಂಬಳ ಇರುತ್ತದೆ, ಉಪ್ಪು ಕಟ್ಟಿದ ಬಟ್ಟೆ ಜೇಬಿನಲ್ಲಿರಲಿ. ಉಂಬಳಕ್ಕಿಂತ ಹೆದರಬೇಕಾದ್ದು ಉಣುಗಿಗೆ. ಚಳಿಗಾಲದಿಂದ ಮೇ ವರೆಗೆ ಅದು ಜಾಸ್ತಿ, ಮಂಗನ ಕಾಯಿಲೆ ಹರಡುವುದು ಅದರಿಂದ. ಒಣ ಎಲೆಯ ಮೇಲೆ ಕೂರಬೇಡಿ, ಉದ್ದ ಕೈಯ ಅಂಗಿ ಹಾಕಿ, ಮನೆಗೆ ಬಂದು ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಜೇಬಿನಲ್ಲಿ ಸಣ್ಣ ಪುಸ್ತಕ ಮತ್ತು ಪೆನ್ಸಿಲ್ ಇರಲಿ. ಪೆನ್ ಬೇಡ, ಬೆವರಿಗೆ ಶಾಯಿ ಹರಡುತ್ತದೆ. ನಡೆಯುತ್ತಿರುವಾಗ ಬರೆಯಬೇಡಿ. ಮನೆಗೆ ಬರುವ ಬಸ್ಸಿನಲ್ಲಿ ಬರೆಯಿರಿ. ಹತ್ತು ಸಂಗತಿ ನೋಡಿರುತ್ತೀರಿ, ಬಸ್ಸಿನಲ್ಲಿ ಕೂತಾಗ ಒಂದು ಮಾತ್ರ ಬಿಡದೆ ಕಾಡುತ್ತದೆ. ಅದನ್ನು ಬರೆದು ಪುಸ್ತಕ ಮುಚ್ಚಿ. ಉಳಿದ ಒಂಬತ್ತನ್ನು ಬಿಡಲು ಸಂಕಟವಾಗುತ್ತದೆ, ನನಗೆ ಈಗಲೂ ಆಗುತ್ತದೆ. ಆದರೂ ಬಿಡಿ. ಒಂದು ಹಲಗೆಯಲ್ಲಿ ಹಿಡಿಸುವುದು ಒಂದೇ.

ಮೂರು ಸಾಲು

ಜೂನ್‌ನಲ್ಲಿ ಪುಸ್ತಕ ತೆರೆದು ಏಳು ತಿಂಗಳ ಟಿಪ್ಪಣಿ ಓದಿ. ಒಂದನ್ನು ಆರಿಸಿ. ಅದಕ್ಕೆ ಮೂರು ಸಾಲು, ಒಂದೊಂದು ಸಾಲಿಗೆ ನಾಲ್ಕು ಪದ ಮೀರದ ಹಾಗೆ. ಈ ಮಿತಿಗೆ ಕಾರಣ ಹಲಗೆ. ಕನ್ನಡ ಅಕ್ಷರವನ್ನು ಮರದಲ್ಲಿ ಕೆತ್ತುವುದು ನಿಧಾನದ ಕೆಲಸ. ಹತ್ತು ನಿಮಿಷ ಕೂತು ಕೆತ್ತುವಷ್ಟು ಯೋಗ್ಯತೆ ಒಂದೊಂದು ಅಕ್ಷರಕ್ಕೂ ಇರಬೇಕು.

ನಾನು ಮೊದಲು ಬರೆದದ್ದು ಹೀಗಿತ್ತು:

ಸುಡುಬಿಸಿಲಿನ ಪದವಿನ ಮೇಲೆ ತಾಯಿ ಹಕ್ಕಿಯ ಆರ್ತನಾದ
ಕಾಲಡಿಯಲ್ಲಿ ಕಲ್ಲಿನಂತೆ ಮಲಗಿವೆ ನಾಲ್ಕು ಮುಗ್ಧ ಜೀವ
ಓ ಕರುಣೆಯೇ, ನೀನೆಲ್ಲಿಲ್ಲ!

ಮೂರನೆಯ ಸಾಲು ಮೊದಲು ಹೋಗಬೇಕು. ಕರುಣೆ ಎಂಬ ಪದ ಬಂದ ಕೂಡಲೇ ಓದುವವರು ಮೊಟ್ಟೆ ನೋಡುವುದನ್ನು ಬಿಟ್ಟು ನನ್ನನ್ನು ನೋಡುತ್ತಾರೆ. ‘ಮುಗ್ಧ’ ಹೋಗಬೇಕು. ಮೊಟ್ಟೆಗೆ ಅದು ಬೇಡ. ‘ಆರ್ತನಾದ’ ಪುಸ್ತಕದ ಮಾತು, ಹಕ್ಕಿ ಕೂಗಿತು, ಅಷ್ಟೇ. ‘ಕಲ್ಲಿನಂತೆ’ ಎಂದರೆ ಗುಟ್ಟು ಮೊದಲೇ ಬಿಟ್ಟುಕೊಟ್ಟ ಹಾಗೆ. ನನಗೆ ಅಲ್ಲಿ ಮೊದಲು ಕಂಡದ್ದು ಕಲ್ಲು, ಆಮೇಲೆ ಮೊಟ್ಟೆ. ಕಂಡ ಕ್ರಮದಲ್ಲೇ ಬರೆದೆ:

ಬಿಸಿಲ ಪದವು.
ನಾಲ್ಕು ಕಲ್ಲು,
ಹಕ್ಕಿ ಕೂಗಿದ ಮೇಲೆ ಮೊಟ್ಟೆ.

ಇದಕ್ಕೆ ಹನ್ನೆರಡು ದಿನ ಹಿಡಿಯಿತು. ಪ್ರಾಸ ಕೂರಿಸಲು ಹೋಗಬೇಡಿ, ಪ್ರಾಸಕ್ಕಾಗಿ ಇಲ್ಲದ್ದನ್ನು ನೋಡಿದೆ ಎಂದು ಬರೆಯಬೇಕಾಗುತ್ತದೆ. ಕನ್ನಡ ಕವಿತೆಯಲ್ಲಿ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ಮಾಡಿದವರು ನಮ್ಮ ಪಕ್ಕದ ಮಂಜೇಶ್ವರದ ಗೋವಿಂದ ಪೈಗಳು. ಬುದ್ಧನ ಕೊನೆಯ ದಿನದ ಬಗ್ಗೆ ‘ವೈಶಾಖಿ’ ಬರೆದವರೂ ಅವರೇ.

ಓದುವುದಾದರೆ ಥೇರಗಾಥಾ, ಥೇರೀಗಾಥಾ ಓದಿ. ಹಳೆಯ ಕಾಲದ ಭಿಕ್ಷುಗಳು, ಭಿಕ್ಷುಣಿಯರು ಹಾಡಿಕೊಂಡ ಪದ್ಯಗಳು. ಥೇರಗಾಥಾದ ಮೊದಲ ಪದ್ಯದಲ್ಲೇ ಒಬ್ಬ ಭಿಕ್ಷು, ನನ್ನ ಗುಡಿಸಲಿಗೆ ಮಾಡು ಗಟ್ಟಿ ಉಂಟು, ಮಳೆಯೇ ನಿನಗೆ ಖುಷಿ ಬಂದಷ್ಟು ಸುರಿ ಎನ್ನುತ್ತಾನೆ. ಶೀಟಿನ ಕೆಳಗೆ ಕೂತು ಕೆತ್ತುವಾಗ ಅದು ನನಗೆ ದಿನಾ ನೆನಪಾಗುತ್ತದೆ.

ಹಲಗೆ ಮತ್ತು ಉಳಿ

ಹಲಗೆಗೆ ಆರು ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ ತನ್ನಿ. ನೀರಿಗೆ ಪದರ ಬಿಡುವುದಿಲ್ಲ. ಮರದಂಗಡಿಯಲ್ಲಿ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕಡಿಮೆಗೆ ಕೊಡುತ್ತಾರೆ. ಎ-4 ಕಾಗದದಷ್ಟು ದೊಡ್ಡದು ಸಾಕು. ಎಂಡಿಎಫ್ ಬೇಡ, ನೀರು ಕುಡಿದು ಊದುತ್ತದೆ. ಲಿನೋಲಿಯಂ ಹಾಳೆ ಕೆತ್ತಲು ಸುಲಭ, ಆದರೆ ನೀರಿನ ಬಣ್ಣ ಅದರ ಮೇಲೆ ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಉರುಳುತ್ತದೆ. 220 ನಂಬರಿನ ಸ್ಯಾಂಡ್ ಪೇಪರ್‌ನಿಂದ, ಆಮೇಲೆ 400ರಿಂದ, ಎಳೆಯ ದಿಕ್ಕಿನಲ್ಲೇ ಉಜ್ಜಿ.

ನನ್ನ ಮೊದಲ ಹಲಗೆ ಪ್ಲೈವುಡ್ ಅಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಮರದ ಕೆಲಸ ಮಾಡುವ ಆಚಾರ್ರು ಹಾಲೆ ಮರದ ತುಂಡು ಕೊಟ್ಟಿದ್ದರು. ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಅದೇ ಮರ. ಮೆದು ಮರ, ಹಿಂದೆ ಮಕ್ಕಳು ಬರೆಯುವ ಹಲಗೆಗೆ ಬಳಸುತ್ತಿದ್ದರು. ಅದರ ಶಾಸ್ತ್ರೀಯ ಹೆಸರಿನಲ್ಲೇ ‘ಸ್ಕಾಲರಿಸ್’ ಎಂದಿದೆ. ನಿಮಗೆ ಸಿಕ್ಕಿದರೆ ಬಿಡಬೇಡಿ.

ಉಳಿ ಮೂರು ಸಾಕು. ತುದಿ ಚೂಪು ಕೋನದ್ದು ಒಂದು, ಸಣ್ಣ ಗುಂಡು ಬಾಯಿಯದು ಒಂದು, ಅಗಲ ಗುಂಡು ಬಾಯಿಯದು ಒಂದು. ಜೊತೆಗೆ ಒಂದು ಸಣ್ಣ ಚಾಕು. ಮೊಂಡು ಉಳಿ ಅಪಾಯ, ಜೋರಾಗಿ ತಳ್ಳಬೇಕಾಗುತ್ತದೆ, ಜಾರುತ್ತದೆ. ಹಲಗೆ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ, ಮುಂದೆ ಇರಬಾರದು. ನನ್ನ ಎಡಗೈ ಹೆಬ್ಬೆರಳಿನಲ್ಲಿ ನಾಲ್ಕು ಹೊಲಿಗೆಯ ಗುರುತಿದೆ. ಅದಾದ ಮೇಲೆ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುವ ಹಾಗೆ ಕೆಳಗೊಂದು, ಹಲಗೆಗೆ ಆನಿಕೆಯಾಗಿ ಮೇಲೊಂದು ಪಟ್ಟಿ ಹೊಡೆದ ಮಣೆ ಮಾಡಿಸಿಕೊಂಡೆ. ನೀವು ಮೊದಲೇ ಮಾಡಿಸಿಕೊಳ್ಳಿ.

ಚಿತ್ರವನ್ನೂ ಸಾಲುಗಳನ್ನೂ ಬಟರ್ ಪೇಪರ್ ಮೇಲೆ ಬರೆದು, ಮಗುಚಿ, ಕಾರ್ಬನ್ ಹಾಳೆ ಇಟ್ಟು ಹಲಗೆಗೆ ತಿದ್ದಿ. ಹಲಗೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು, ಆಗ ಕಾಗದದಲ್ಲಿ ಸರಿಯಾಗಿ ಬರುತ್ತದೆ. ಕೆತ್ತುವ ಮೊದಲು ಕನ್ನಡಿ ಹಿಡಿದು ಒಮ್ಮೆ ಓದಿ. ನಮ್ಮ ಲಿಪಿ ಉರುಟು. ಇಂಗ್ಲಿಷ್ ಅಕ್ಷರದಲ್ಲಿ ಗೆರೆ ಜಾಸ್ತಿ, ನಮ್ಮದರಲ್ಲಿ ಸುತ್ತು ಜಾಸ್ತಿ. ‘ಬಿಸಿಲ’ ಪದದ ಗುಡಿಸನ್ನು ಕೆತ್ತುವಾಗ ಮಣಿಕಟ್ಟು ತಿರುಚಿ ತಿರುಚಿ ಉಳಿ ತಿರುಗಿಸುತ್ತಿದ್ದೆ. ಅಂಚೆಲ್ಲ ಚೂರು ಚೂರಾಗಿ ಎದ್ದು ಬಂತು. ಆಚಾರ್ರು ಅದನ್ನು ನೋಡಿ ಹೇಳಿದರು, “ಟೀಚರೇ, ಉಳಿಯನ್ನು ತಿರುಗಿಸ್ಬೇಡಿ. ಅದು ನೇರ ಹೋಗ್ಲಿ. ಎಡಗೈಯಲ್ಲಿ ಹಲಗೆಯನ್ನು ತಿರುಗಿಸಿ.”

ಮಾಡಿ ನೋಡಿ. ಬಲಗೈ ಅಲುಗುವುದೇ ಇಲ್ಲ, ಹಲಗೆ ನಿಧಾನ ಸುತ್ತುತ್ತದೆ, ಉಳಿಯ ಬಾಯಿಂದ ಎಳೆ ಸುರುಳಿಯಾಗಿ ಏಳುತ್ತದೆ. ಸೊನ್ನೆಯಂಥ ಸಣ್ಣ ಸುತ್ತಿಗೆ ಚಾಕುವಿನ ತುದಿಯನ್ನು ಒಂದೇ ಜಾಗದಲ್ಲಿ ಊರಿ, ಹಲಗೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ. ಗುಂಡು ತಾನೇ ಬರುತ್ತದೆ. ಅಕ್ಷರದ ಒಳಗಿನ ಖಾಲಿಯನ್ನು ಮೊದಲು ತೆಗೆಯಿರಿ, ಹೊರಗಿನದನ್ನು ಆಮೇಲೆ. ಹೊರಗೆ ಮೊದಲು ತೆಗೆದರೆ ಗೆರೆಗೆ ಆಧಾರ ಇಲ್ಲದೆ ಮುರಿಯುತ್ತದೆ.

ಏನು ಕೆತ್ತಬೇಕು, ಏನು ಬಿಡಬೇಕು ಎಂದು ಕಲಿಯಲು ನಂದಲಾಲ್ ಬೋಸರು 1930ರಲ್ಲಿ ಮಾಡಿದ ಗಾಂಧಿಯವರ ಲಿನೋ ಅಚ್ಚನ್ನು ನೋಡಿ. ಕಪ್ಪು ನೆಲ, ಬಿಳಿ ಗೆರೆ, ಕೋಲು ಹಿಡಿದು ನಡೆಯುವ ಒಬ್ಬ ಮನುಷ್ಯ. ದಂಡಿಯ ದಾರಿ ಇಲ್ಲ, ಜನ ಇಲ್ಲ, ಸಮುದ್ರ ಇಲ್ಲ. ಆದರೂ ನಡಿಗೆ ಕಾಣುತ್ತದೆ. ನಾನು ನನ್ನ ಹಲಗೆಯಿಂದ ಹಕ್ಕಿಯನ್ನು ತೆಗೆದೆ. ಹಕ್ಕಿ ಸಾಲಿನಲ್ಲಿ ಉಂಟು, ಚಿತ್ರದಲ್ಲಿ ಬೇಡ. ಚಿತ್ರದಲ್ಲಿ ಬರೀ ಕಲ್ಲು. ಐವತ್ತೆರಡು ಕಲ್ಲಿನ ನಡುವೆ ನಾಲ್ಕು ಮೊಟ್ಟೆ, ಗಾತ್ರ ಹೆಚ್ಚುಕಡಿಮೆ ಒಂದೇ. ಮೊಟ್ಟೆಯ ಅಂಚು ನುಣುಪು, ಕಲ್ಲಿನ ಅಂಚು ಒರಟು. ವ್ಯತ್ಯಾಸ ಅಷ್ಟೇ.

ಕಾವಿ, ಗಂಜಿ, ಗೆರಟೆ

ಬಣ್ಣ ಟ್ಯೂಬಿನದೂ ಆಗುತ್ತದೆ. ಆದರೆ ನಮ್ಮ ಕಾಲಡಿಯಲ್ಲೇ ಒಂದು ಬಣ್ಣ ಇದೆ. ಕರಾವಳಿಯ ಕೊಂಕಣಿ ದೇವಸ್ಥಾನಗಳ ಹಳೆಯ ಗೋಡೆಗಳಲ್ಲಿ ಕಾವಿ ಕಲೆ ನೋಡಿರುತ್ತೀರಿ, ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಚಿತ್ರ. ಆ ಕೆಂಪು ಮುರಕಲ್ಲಿನ ಮಣ್ಣಿನದು. ಭಿಕ್ಷುಗಳು ಉಡುವ ಬಟ್ಟೆಗೂ ನಾವು ಕಾವಿ ಎಂದೇ ಹೇಳುತ್ತೇವೆ. ಪದವಿನ ಚಿತ್ರವನ್ನು ಪದವಿನ ಮಣ್ಣಿನಲ್ಲೇ ಒತ್ತಬಹುದು.

ಬೇಸಿಗೆಯಲ್ಲೇ ರಸ್ತೆ ಬದಿಯ ಕಡಿತದಿಂದ ಎರಡು ಬೊಗಸೆ ಕೆಂಪು ಮಣ್ಣು ತಂದಿಡಿ. ಅಭಯಾರಣ್ಯದ ಒಳಗಿಂದ ಏನನ್ನೂ ತರಬೇಡಿ. ಮಣ್ಣನ್ನು ಬಕೆಟ್ ನೀರಲ್ಲಿ ಕಲಕಿ ಒಂದು ನಿಮಿಷ ಬಿಡಿ. ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಸಿದು ರಾತ್ರಿಯಿಡೀ ಇಡಿ. ಬೆಳಿಗ್ಗೆ ತಿಳಿ ನೀರು ಚೆಲ್ಲಿದರೆ ಅಡಿಯಲ್ಲಿ ನುಣುಪಾದ ಕೆಸರು ಸಿಗುತ್ತದೆ. ಹೀಗೆ ಮೂರು ಸಲ. ಒಣಗಿಸಿ, ಅರೆದು, ಡಬ್ಬದಲ್ಲಿ ತುಂಬಿಡಿ. ಬಳಸುವಾಗ ನೀರು ಮತ್ತು ಕೆಲವು ಹನಿ ಅರಬಿಕ್ ಗೋಂದು ಹಾಕಿ ಕಲಸಿ. ಗೋಂದು ಇಲ್ಲದಿದ್ದರೆ ಒಣಗಿದ ಮೇಲೆ ಬೆರಳಿಗೆ ಹತ್ತುತ್ತದೆ.

ಅಂಟಿಗೆ ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿಯ ಹಿಟ್ಟು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಎಂಟು ಚಮಚ ಬಿಸಿನೀರಿಗೆ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಿರಿ. ಬಿಳಿ ಹೋಗಿ ಪಾರದರ್ಶಕವಾದಾಗ ಇಳಿಸಿ. ಆರಿದ ಮೇಲೆ ಮೊಸರಿನಷ್ಟು ಗಟ್ಟಿ ಇರಬೇಕು. ಆ ದಿನದ್ದು ಆ ದಿನವೇ ಮುಗಿಸಿ, ಮರುದಿನಕ್ಕೆ ಹುಳಿ ಬರುತ್ತದೆ.

ಕಾಗದ ಗಟ್ಟಿ ನಾರಿನದು ಬೇಕು. ನಾನು ನೇಪಾಳದ ಲೋಕ್ತಾ ಕಾಗದ ತರಿಸುತ್ತೇನೆ. ಒತ್ತುವ ಹಿಂದಿನ ರಾತ್ರಿ ಒಂದು ಹಾಳೆ ಬಿಟ್ಟು ಒಂದಕ್ಕೆ ಅಗಲ ಕುಂಚದಿಂದ ನೀರು ಸವರಿ, ಒಟ್ಟಿಗೆ ಜೋಡಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಭಾರ ಇಡಿ. ಬೆಳಿಗ್ಗೆ ಕೆನ್ನೆಗೆ ತಾಗಿಸಿದರೆ ತಣ್ಣಗಿರಬೇಕು, ಆದರೆ ನೀರಿನ ಹೊಳಪು ಕಾಣಬಾರದು. ನೀರು ಎಷ್ಟು ಎಂದು ಮಳೆಯನ್ನು ನೋಡಿ ನಿರ್ಧರಿಸಿ. ಜೋರು ಮಳೆಯ ವಾರದಲ್ಲಿ ನಾನು ಮೂರು ಹಾಳೆಗೆ ಒಂದನ್ನು ಮಾತ್ರ ಒದ್ದೆ ಮಾಡುತ್ತೇನೆ. ಅದೇ ದಿನ ಒತ್ತಲು ಆಗದಿದ್ದರೆ ಕಟ್ಟನ್ನು ಫ್ರಿಜ್‌ನಲ್ಲಿಡಿ. ಒಂದು ವರ್ಷ ಹೊರಗೆ ಇಟ್ಟು ಊರಿಗೆ ಹೋದೆ. ನಾಲ್ಕು ದಿನದ ಮೇಲೆ ಬಂದು ಬಿಚ್ಚಿದರೆ ಮೂವತ್ತು ಹಾಳೆಯಲ್ಲೂ ಬೂಷ್ಟು.

ಒತ್ತುವ ಸಾಧನ ಗೆರಟೆ, ಅಂದರೆ ತೆಂಗಿನ ಚಿಪ್ಪು. ಕಣ್ಣಿಲ್ಲದ ಬದಿಯ ಅರ್ಧ ಗೆರಟೆಯ ಹೊರಮೈಯನ್ನು ನಾರು ಹೋಗುವ ತನಕ ಕೆರೆದು, ಸ್ಯಾಂಡ್ ಪೇಪರ್ ಹಾಕಿ ಕನ್ನಡಿಯ ಹಾಗೆ ನುಣುಪು ಮಾಡಿ. ಒಂದು ಹನಿ ತೆಂಗಿನೆಣ್ಣೆ ಸವರಿದರೆ ಜಾರುತ್ತ ಹೋಗುತ್ತದೆ. ಜಪಾನಿನವರು ಇದೇ ಕೆಲಸಕ್ಕೆ ಬಿದಿರಿನ ಹಾಳೆ ಸುತ್ತಿದ ಬಿಲ್ಲೆ ಬಳಸುತ್ತಾರೆ. ಬಣ್ಣ ಹಚ್ಚಲು ಹೊಸ ಶೂ ಬ್ರಷ್ ಸಾಕು.

ಈಗ ಒತ್ತುವುದು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕಾವಿ ಎರಡು ಮೂರು ಕಡೆ ಇಡಿ, ಜೊತೆಗೆ ಕಡಲೆ ಗಾತ್ರದ ಅಂಟು. ಬ್ರಷ್‌ನಿಂದ ಸುತ್ತು ಸುತ್ತಾಗಿ ಹರಡಿ, ಕೊನೆಗೆ ಮರದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಮೇಲ್ಮೈ ಹೊಳೆಯಬಾರದು. ಹೊಳೆದರೆ ನೀರು ಜಾಸ್ತಿ ಎಂದರ್ಥ. ಹಲಗೆಯ ಬಲ ಕೆಳಮೂಲೆಯಲ್ಲಿ ಗೋಡೆಯ ಮೂಲೆಯಂಥ ಒಂದು ಗುರುತು, ಎಡಕ್ಕೆ ಸ್ವಲ್ಪ ದೂರದಲ್ಲಿ ಒಂದು ಗೀರು, ಕಾಗದದ ದಪ್ಪದಷ್ಟೇ ಆಳ ಮೊದಲೇ ಕೆತ್ತಿಟ್ಟಿರಬೇಕು. ಕಾಗದವನ್ನು ಆ ಎರಡಕ್ಕೆ ತಾಗಿಸಿ ಬಿಡಿ. ಮೇಲೆ ಬಟರ್ ಪೇಪರ್, ಅದರ ಮೇಲೆ ಗೆರಟೆ. ನಡುವಿನಿಂದ ಅಂಚಿಗೆ ಸಣ್ಣ ಸುತ್ತುಗಳಲ್ಲಿ ಉಜ್ಜಿ. ತೋಳಿನ ಬಲ ಬೇಡ, ಮೈಯ ಭಾರ ಬರಲಿ. ಒಂದು ಮೂಲೆ ಎತ್ತಿ ನೋಡಿ, ಸಾಲದಿದ್ದರೆ ಇಳಿಸಿ ಮತ್ತೆ ಉಜ್ಜಿ.

ಮೊದಲ ಮೂರು ನಾಲ್ಕು ಪ್ರತಿ ಮಸುಕಾಗಿ, ಕಲೆ ಕಲೆಯಾಗಿ ಬರುತ್ತವೆ. ಮರ ಇನ್ನೂ ಬಾಯಾರಿರುತ್ತದೆ. ಎದೆಗುಂದಬೇಡಿ, ಬಣ್ಣ ಬದಲಿಸಬೇಡಿ, ಹಾಗೇ ಮುಂದುವರಿಸಿ. ಐದನೆಯದರ ಹೊತ್ತಿಗೆ ಹಲಗೆ ಹದಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಕೈಗೆ ಒಂದು ಲಯ ಸಿಗುತ್ತದೆ: ಹಚ್ಚು, ಇಡು, ಉಜ್ಜು, ಎತ್ತು. ತಾರಸಿಯ ನಡಿಗೆಯಲ್ಲಿ ಅಭ್ಯಾಸವಾದದ್ದೇ ಇಲ್ಲೂ ಬರುತ್ತದೆ. ಕಾಗದ ಎತ್ತುವಾಗ ಎತ್ತುತ್ತಿರುವುದು ಗೊತ್ತಿರಬೇಕು. ಫೋನನ್ನು ಕೆಳಗಿನ ಕೋಣೆಯಲ್ಲಿ ಬಿಟ್ಟು ಬನ್ನಿ.

ಒತ್ತಿದ ಹಾಳೆಗಳನ್ನು ರಟ್ಟುಗಳ ನಡುವೆ ಇಟ್ಟು ದಿನಕ್ಕೆ ಎರಡು ಸಲ ರಟ್ಟು ಬದಲಿಸಿ. ನಮ್ಮ ಮಳೆಗೆ ನಾಲ್ಕು ದಿನ ಬೇಕು. ಕೊನೆಯ ದಿನ ಫ್ಯಾನಿನ ಗಾಳಿ ಕೊಡಿ.

ಮಾರುವುದಾ, ಹಂಚುವುದಾ ಎಂದು ಕೇಳುತ್ತಾರೆ. ಮಾರಿದರೆ ತಪ್ಪಿಲ್ಲ. ನಾನು ಹಂಚುತ್ತೇನೆ. ತಾರೀಖು ಇರುವ ಮುದ್ರಿತ ಪುಸ್ತಕಗಳಲ್ಲಿ ಅತಿ ಹಳೆಯದು ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿದ ವಜ್ರಚ್ಛೇದಿಕಾ ಸೂತ್ರ. 868ರದ್ದು, ಮರದಚ್ಚಿನಿಂದ ಒತ್ತಿದ್ದು. ನಮ್ಮ ಕದ್ರಿಯ ಲೋಕೇಶ್ವರನಿಗಿಂತ ಸರಿಯಾಗಿ ನೂರು ವರ್ಷ ಹಿರಿದು. ವಾಂಗ್ ಜಿಯೆ ಎಂಬವನು ತನ್ನ ತಂದೆ ತಾಯಿಯ ಹೆಸರಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಲೆಂದು ಮಾಡಿಸಿದ್ದು ಎಂದು ಅದರ ಕೊನೆಯಲ್ಲಿ ಅಚ್ಚಾಗಿದೆ. ನಾನು ಅಮ್ಮನ ಹೆಸರಲ್ಲಿ ಇಪ್ಪತ್ತನಾಲ್ಕು ಪ್ರತಿ ಒತ್ತುತ್ತೇನೆ. ಪಕ್ಕದ ಮನೆಯ ಬಾಯಮ್ಮನಿಗೆ ಒಂದು, ಹೆಬ್ರಿಯ ಮಾವನಿಗೆ ಒಂದು, ಶಾಲೆಯ ಮಕ್ಕಳಲ್ಲಿ ಕೇಳಿದವರಿಗೆ ಒಂದೊಂದು.

ಮೊಟ್ಟೆಯ ಅಚ್ಚನ್ನು ಆಚಾರ್ರಿಗೆ ಕೊಡಲು ಹೋದಾಗ ಅವರು ಕೈ ಒರೆಸಿಕೊಂಡು ಹಾಳೆಯ ಅಂಚು ಹಿಡಿದರು. ಹಿಂಬದಿ ತಿರುಗಿಸಿ ಗೆರಟೆಯ ಗುರುತು ನೋಡಿದರು. ಆಮೇಲೆ ಮುಂಬದಿ. ಸಾಲು ಓದಿದರು. “ಮೊಟ್ಟೆ ಎಲ್ಲಿ ಉಂಟು ಟೀಚರೇ?” ಎಂದರು. ನಾನು ಹೇಳಲಿಲ್ಲ. ಬಾಗಿಲ ಬೆಳಕಿಗೆ ಹೋಗಿ ಹಾಳೆಯನ್ನು ಓರೆ ಹಿಡಿದು, ಹೆಬ್ಬೆರಳನ್ನು ತಾಗಿಸದೆ ಕಲ್ಲಿನಿಂದ ಕಲ್ಲಿಗೆ ಸರಿಸುತ್ತ ಬಂದರು. ಒಂದು ಕಡೆ ಬೆರಳು ನಿಂತಿತು.